ಮತ್ತಿತೊರೆಯ ಮೀನುದಾರಿ

ಮಾದೇಶನ ಫೋನು ಬಂದಾಗ ಗಾರೆ ಮೇಸ್ತ್ರಿ ಹುಚ್ಚಯ್ಯ ಹನಗೋಡಿನಲ್ಲಿ ಒಂದು ಹೊಸ ಮನೆಯ ಪಡಸಾಲೆಗೆ ಕೊನೆಯ ಕೈ ತಿಕ್ಕುತ್ತಿದ್ದ. ಕಾಡಿನ ವಾಚರ್ ಮಾದೇಶ ಕ್ಯಾಂಪಿನ ಹಿಂದಿನ ದಿಬ್ಬ ಹತ್ತಿ, ಅಲ್ಲಿ ಸಿಗುವ ಚೂರುಪಾರು ಸಿಗ್ನಲ್ಲಿನಲ್ಲಿ ಕೂಗುತ್ತಿದ್ದ.

“ಮೇಸ್ತ್ರಿ, ನೀವ್ ಕಟ್ಟಿದ್ ದಾರೀಲಿ ಮೀನು ಜಾರ್ತಾ ಅವೆ ಕಣ್ರೀ!”

“ಜಾರ್ತಾ ಅವೆ ಅಂದ್ರೆ?”

“ಅಂದ್ರೆ ಇನ್ನೇನು? ಅರ್ಧ ಹತ್ತವೆ, ಜಾರ್ಕೊಂಡು ವಾಪಸ್ ಗುಂಡೀಗ್ ಬೀಳ್ತವೆ. ಬೆಳಿಗ್ಗೆಯಿಂದ ನೋಡ್ತಾ ಇವ್ನಿ. ಒಂದೂ ದಾಟ್ನಿಲ್ಲ.”

ಹುಚ್ಚಯ್ಯನ ಕೈಯಲ್ಲಿದ್ದ ಕರಣೆ ನಿಂತಿತು. ಯಾಕೆ ಜಾರುತ್ತಿವೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಹುಚ್ಚಯ್ಯನ ಗಾರೆಗೆ ಹೆಸರಿತ್ತು. ಅವನು ತಿಕ್ಕಿದ ನೆಲದಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದು ಎಂದು ಜನ ಹೇಳುತ್ತಿದ್ದರು. ಆ ಮಾತನ್ನು ಮೊದಲು ಹೇಳಿದವನು ಹುಚ್ಚಯ್ಯನೇ ಅನ್ನುವುದು ಬೇರೆ ವಿಷಯ. ಒರಟು ಕೆಲಸ ಕಂಡರೆ ಅವನ ಮೈ ಉರಿಯುತ್ತಿತ್ತು. ನೆಂಟರ ಮನೆಗೆ ಊಟಕ್ಕೆ ಹೋದರೂ ಎಲೆಗೆ ಏನು ಬಡಿಸಿದರು ಎಂದು ನೋಡುವ ಮೊದಲು ಗೋಡೆಯ ಮೂಲೆ ನೋಡುವ ಜಾತಿ ಅವನದು. ಅರವತ್ತರ ಹತ್ತಿರ ಬಂದರೂ ಆ ಚಾಳಿ ಬಿಟ್ಟಿರಲಿಲ್ಲ.

ಮತ್ತಿತೊರೆಯ ಕಟ್ಟೆ ಇರುವುದು ಕಾಡಿನೊಳಗೆ. ಅಲ್ಲಿದ್ದ ಹಳ್ಳಿಯನ್ನು ಎಂದೋ ಎತ್ತಿ ಹೊರಗೆ ಹಾಕಿದ್ದಾರೆ, ಗದ್ದೆಗಳು ಲಂಟಾನದ ಪಾಲಾಗಿವೆ. ಉಳಿದಿರುವುದು ತೊರೆಗೆ ಅಡ್ಡಲಾಗಿ ಒಂದೂವರೆ ಆಳೆತ್ತರದ ಕಲ್ಲುಗೋಡೆ. ಒಡೆದು ಹಾಕೋಣ ಎಂದರೆ ಬೇಸಿಗೆಯಲ್ಲಿ ಆನೆ, ಕಾಟಿಗಳಿಗೆ ಅದೇ ನೀರು. ಇರಲಿ ಬಿಡು ಎಂದರೆ ಮೀನು ಮೇಲಕ್ಕೆ ಹೋಗುವಂತಿಲ್ಲ. ಮುಂಗಾರಿನ ಮೊದಲ ಕೆಂಪು ನೀರು ಇಳಿದ ಕೂಡಲೇ ಬಿಳಿಮೀನುಗಳು ಲಕ್ಷ್ಮಣತೀರ್ಥದಿಂದ ಈ ತೊರೆಗೆ ತಿರುಗುತ್ತವೆ. ಕಟ್ಟೆಯ ಮೇಲುಗಡೆ ಜಲ್ಲಿಕಲ್ಲಿನ ಗುಂಡಿಗಳಿವೆ, ಮೊಟ್ಟೆ ಇಡಲು ಅವಕ್ಕೆ ಅದೇ ಜಾಗ ಬೇಕು. ಮೊದಲೆಲ್ಲ ಏರಿಯ ಪಕ್ಕದಲ್ಲೊಂದು ಬಿರುಕಿತ್ತು, ಹೇಗೋ ಅದರಲ್ಲಿ ನುಸುಳುತ್ತಿದ್ದವು. ಆರು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ದುರಸ್ತಿ ಎಂದು ಅದನ್ನೂ ಮುಚ್ಚಿದರು. ಅಲ್ಲಿಂದಾಚೆಗೆ ತೊರೆಯಲ್ಲಿ ಮರಿಮೀನು ಕಂಡವರಿಲ್ಲ. ಉಳಿದವು ಇಪ್ಪತ್ತು ಚಿಲ್ಲರೆ ಮುದಿ ತಾಯಿಮೀನು. ಈ ವರ್ಷವೂ ಮೊಟ್ಟೆ ಕೆಸರಿಗೆ ಬಿದ್ದರೆ ಅಲ್ಲಿಗೆ ಆ ಸಂತಾನ ಮುಗಿಯಿತು.

ಇದಕ್ಕಾಗಿ ಆರು ವರ್ಷ ಅರ್ಜಿ ಹಿಡಿದುಕೊಂಡು ಕಚೇರಿ ಕಚೇರಿ ಅಲೆದವನು ಮಂಚಯ್ಯ. ಹುಚ್ಚಯ್ಯನ ಜೊತೆ ಒಂದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವನು. ಬೆಸ್ತರ ಮನೆಯವನು, ಈಗ ಹೊಗೆಸೊಪ್ಪು, ರಾಗಿ ಬೆಳೆಯುತ್ತಾನೆ. ಬಿರುಕು ಮುಚ್ಚಿದ ವರ್ಷವೇ ಅವನು ಗಂಗಮ್ಮನಿಗೆ ಹರಕೆ ಕಟ್ಟಿಕೊಂಡಿದ್ದ. ತೊರೆಯಲ್ಲಿ ಮೀನು ಹತ್ತುವವರೆಗೆ ತಾನು ಬಾಯಿಗೆ ಮೀನು ಇಡುವುದಿಲ್ಲ ಅಂತ. ಮೀನಿನ ಸಾರು ಕುಡಿದೇ ಹಲ್ಲು ಬಂದವನು ಆರು ವರ್ಷ ಬರೀ ಉಪ್ಪುಸಾರಿನಲ್ಲಿ ಮುದ್ದೆ ನುಂಗಿದ್ದ.

ಕೊನೆಗೆ ಮೈಸೂರಿನಿಂದ ರಮ್ಯಾ ಬಂದಳು, ಮೀನಿನ ಮೇಲೆ ಸಂಶೋಧನೆ ಮಾಡುವ ಹುಡುಗಿ. ಗೋಡೆಯ ಎಡಕ್ಕೆ ನಲವತ್ತು ಅಡಿ ಉದ್ದದ ಇಳಿಜಾರು ಕಾಲುವೆಯ ಚಿತ್ರ ಬರೆದುಕೊಟ್ಟಳು. ತಳಕ್ಕೆ ಕಾಡುಗಲ್ಲನ್ನು ಅರ್ಧ ಹೂತು ಅರ್ಧ ತಲೆ ಎತ್ತಿ ಬಿಡಬೇಕು, ನೀರು ಎಡವಿ ಎಡವಿ ಇಳಿಯಬೇಕು, ಒಂದೊಂದು ಕಲ್ಲಿನ ಮರೆಯಲ್ಲೂ ಮೀನು ಉಸಿರು ತೆಗೆದುಕೊಳ್ಳಬೇಕು. ಮೇಸ್ತ್ರಿ ಯಾರು ಎಂದು ಕೇಳಿದಾಗ ಮಂಚಯ್ಯ ಎರಡನೇ ಹೆಸರು ಹೇಳಲಿಲ್ಲ.

ಕೆಲಸದ ಕೊನೆಯ ಎರಡು ದಿನ ರಮ್ಯಾ ಜ್ವರ ಬಂದು ಮೈಸೂರಿನಲ್ಲೇ ಉಳಿದಳು. ಆಳುಗಳನ್ನು ಕಳಿಸಿ ಒಬ್ಬನೇ ನಿಂತ ಹುಚ್ಚಯ್ಯ ತನ್ನ ಕೆಲಸವನ್ನು ನೋಡಿದ. ಮೊರಡು ಮೊರಡು ಕಲ್ಲು, ಹಂದಿ ಕೆದಕಿದ ಹೊಲದ ಹಾಗೆ. ಇದು ಯಾರ ಕೆಲಸ ಎಂದು ನಾಳೆ ಯಾರಾದರೂ ಕೇಳಿದರೆ? ಅವನಿಗೆ ತಡೆಯಲಾಗಲಿಲ್ಲ. ಕಲ್ಲಿನ ಸಂದಿಗೆಲ್ಲ ಗಾರೆ ತುಂಬಿದ, ತಲೆಗಳನ್ನು ಮುಳುಗಿಸಿದ, ಮೇಲೆ ಸಿಮೆಂಟಿನ ತಿಳಿ ಹೊಯ್ದು ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ. ಗಾರೆ ಒಣಗದಿರಲಿ ಎಂದು ಒದ್ದೆ ಗೋಣಿಚೀಲ ಹೊದಿಸಿದ. ಮಾರನೇ ದಿನ ನೋಡಲು ಬಂದ ಮಂಚಯ್ಯನಿಗೆ ಕಂಡಿದ್ದು ಗೋಣಿಚೀಲ ಅಷ್ಟೆ.

“ಚಿತ್ರದಾಗಿದ್ದಂಗೇ ಮಾಡಿದೀಯ ತಾನೆ?” ಎಂದು ಮಂಚಯ್ಯ ಕೇಳಿದ್ದ.

“ಅಂಗೇ ಮಾಡಿವ್ನಿ ಬುಡ್ಲಾ,” ಎಂದಿದ್ದ ಹುಚ್ಚಯ್ಯ.

ಮಂಚಯ್ಯ ಆ ಮಾತನ್ನು ನಂಬಿ ರಮ್ಯಾಗೆ ಫೋನು ಮಾಡಿದ. ನೀವು ಮತ್ತೆ ಬಂದು ನೋಡಬೇಕಾಗಿಲ್ಲ, ನನ್ನ ಗೆಳೆಯನ ಮಾತಿಗೆ ನಾನು ಜಾಮೀನು ಎಂದ. ಅದಾಗಿ ಐದು ವಾರವಾಗಿತ್ತು.

ಮಾದೇಶನ ಫೋನು ರಮ್ಯಾಗೂ ಮಂಚಯ್ಯನಿಗೂ ಹೋಗಿತ್ತು. ಮಾರನೇ ಬೆಳಿಗ್ಗೆ ಐದೂವರೆಗೆ ಜೀಪು ಬಂತು. ಕಾಡಿನೊಳಗೆ ಒಂದು ದಿನಕ್ಕೆ ಮಾತ್ರ ಪರವಾನಗಿ. ಯಂತ್ರ ಒಯ್ಯುವಂತಿಲ್ಲ, ಸಿಡಿಮದ್ದಿನ ಮಾತೇ ಇಲ್ಲ. ಹಾರೆ, ಸಮ್ಮಟಿಗೆ, ಉಳಿ, ಹಗ್ಗ. ರಮ್ಯಾ ಮುಂದೆ ಕುಳಿತಿದ್ದಳು. ಹಿಂದೆ ಮಂಚಯ್ಯ, ಅವನ ಕಾಲ ಬಳಿ ಸುರುಳಿ ಸುತ್ತಿದ ಹಳೇ ಬಿದಿರು ತಟ್ಟಿ.

“ಕೆಳಗಿನ ಊರಿನವರಿಗೆ ಸುದ್ದಿ ಮುಟ್ಟಿದೆಯಂತೆ,” ಎಂದಳು ರಮ್ಯಾ. “ಮೀನು ಗುಂಡಿಯಲ್ಲಿ ರಾಶಿ ಬಿದ್ದಿದೆ ಅಂತ. ಇವತ್ತು ಹತ್ತಿಸಿದರೆ ಹತ್ತಿಸಿದಂತೆ. ನಾಳೆ ಬಲೆ ಬರುತ್ತೆ.”

“ಮೇಡಂ, ತಪ್ಪು ನಂದು,” ಎಂದ ಹುಚ್ಚಯ್ಯ.

“ಗೊತ್ತು. ಬೈಯೋಕೆ ಇವತ್ತು ಪುರುಸೊತ್ತಿಲ್ಲ, ಹತ್ತಿ.”

ಕ್ಯಾಂಪಿನಿಂದ ಮುಂದೆ ದಾರಿ ಕೆಸರಾಗಿ ಜೀಪು ಹೋಗುವಂತಿರಲಿಲ್ಲ. ಮಾದೇಶ ಜೊತೆಯಾದ. ಮೂರು ಮೈಲಿ ನಡಿಗೆ. ಹೊರಡುವ ಮೊದಲು ಹುಚ್ಚಯ್ಯ ಮೆಲ್ಲಗೆ, “ಮಂಚ, ಒಂದ್ ಬೀಡಿ ಕೊಡ್ಲಾ,” ಎಂದ. ಮಂಚಯ್ಯ ಬೀಡಿಯ ಕಟ್ಟು ತೆಗೆದು ಮಾದೇಶನ ಕೈಗೆ ಕೊಟ್ಟ. ಮಾದೇಶ ಅದರಿಂದ ಒಂದನ್ನು ಹುಚ್ಚಯ್ಯನಿಗೆ ದಾಟಿಸಿದ. ಐವತ್ತು ವರ್ಷದ ಸ್ನೇಹದಲ್ಲಿ ಮಧ್ಯಕ್ಕೊಬ್ಬ ಬೇಕಾಗಿದ್ದು ಅದೇ ಮೊದಲು.

ಮಳೆ ಬಿದ್ದು ನಾಲ್ಕೇ ದಿನ, ಕಾಡು ಆಗಲೇ ಬಣ್ಣ ಬದಲಿಸಿತ್ತು. ಹೂ ಬಿಟ್ಟು ಸತ್ತ ಬಿದಿರ ಮೆಳೆಗಳು ಕರಿಬೂದು ಬಣ್ಣಕ್ಕೆ ತಿರುಗಿ ಒಂದರ ಮೇಲೊಂದು ಒರಗಿದ್ದವು, ಅವುಗಳ ಬುಡದಲ್ಲಿ ಹೊಸ ಹುಲ್ಲು ಬೆರಳುದ್ದ ಎದ್ದಿತ್ತು. ಮತ್ತಿ, ಹೊನ್ನೆ ಮರಗಳ ತೊಗಟೆಯ ಮೇಲೆ ನೀರು ಸಣ್ಣ ಸಣ್ಣ ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಕಾಡು ತಟ್ಟನೆ ಬಿಟ್ಟುಕೊಟ್ಟ ಕಡೆ ಹಡ್ಲು. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಾಗುವ ಹುಲ್ಲುಬಯಲು ಅದು, ಅಂಚಿನಲ್ಲಿ ಇಲಾಖೆಯ ಒಂದು ವಾಚ್ ಟವರ್ ಇತ್ತು. ಬೇರೆ ದಿನವಾಗಿದ್ದರೆ ಹುಚ್ಚಯ್ಯ ಆ ಟವರಿನ ಕಂಬಕ್ಕೆ ಬಳಿದ ಗಾರೆಯನ್ನು ನೋಡಿ ನಾಲ್ಕು ಮಾತು ಆಡುತ್ತಿದ್ದ. ಅವತ್ತು ತಲೆ ತಗ್ಗಿಸಿಕೊಂಡು ಹೋದ.

ಮಾದೇಶ ಕೈ ಎತ್ತಿದ. ಎಲ್ಲರೂ ನಿಂತರು.

ಹಡ್ಲಿನ ನಡುವೆ ಮೂರು ಆನೆ. ಒಂದರ ಕಾಲಡಿಯಲ್ಲಿ ಮರಿ.

“ಗಾಳಿ ನಮ್ ಕಡೀಂದ ಓಗ್ತಾ ಐತೆ,” ಮಾದೇಶ ಪಿಸುಗುಟ್ಟಿದ. “ಬಲಕ್ಕೆ ಬಗ್ಗಿ. ಮಾತ್ ಬ್ಯಾಡ. ಆರೆ ಸದ್ದಾಗ್ಬಾರ್ದು.”

ಲಂಟಾನದ ಒಳಗೆ ತೆವಳಿದರು. ಮುಳ್ಳು ಮುಖ ಗೀರಿತು. ತಾಯಿ ಆನೆ ಸೊಂಡಿಲೆತ್ತಿ ಗಾಳಿ ಮೂಸಿತು, ಎರಡು ಹೆಜ್ಜೆ ಇತ್ತ ಬಂತು. ಹುಚ್ಚಯ್ಯ ಹೆಗಲ ಮೇಲಿನ ಹಾರೆಯನ್ನು ಮಗುವಿನಂತೆ ಎದೆಗೆ ಅವಚಿಕೊಂಡ. ಆನೆ ಮರಿಯ ಕಡೆ ತಿರುಗಿತು. ಆ ಸುತ್ತಿನಲ್ಲೇ ಮುಕ್ಕಾಲು ಗಂಟೆ ಹೋಯಿತು.

ಕಟ್ಟೆ ತಲುಪಿದಾಗ ಒಂಬತ್ತೂವರೆ. ಹುಚ್ಚಯ್ಯ ಮೊದಲು ಗೋಡೆಯ ಬುಡದ ಗುಂಡಿಗೆ ಇಣುಕಿದ. ಕೆಂಪು ನೀರಿನಲ್ಲಿ ಮೊಳಕೈ ಉದ್ದದ, ತೋಳುದ್ದದ ಮೈಗಳು ಒತ್ತೊತ್ತಾಗಿ ಮೇಲಕ್ಕೆ ಮುಖ ಮಾಡಿ ನಿಂತಿದ್ದವು. ಒಂದು ಚಿಮ್ಮಿತು. ಅವನ ಕನ್ನಡಿಯಂಥ ಗಾರೆಯ ಮೇಲೆ ಬಾಲ ಬಡಿಯುತ್ತ ಹತ್ತು ಅಡಿ ಏರಿತು, ಹದಿನೈದು ಏರಿತು, ಹಿಡಿದುಕೊಳ್ಳಲು ಏನೂ ಇಲ್ಲದೆ ಅಡ್ಡ ಬಿದ್ದು ಸರ್ರನೆ ಕೆಳಗೆ ಬಂತು. ಹೊಟ್ಟೆಯ ಹುರುಪೆ ಕಿತ್ತು ಬೆಳ್ಳಗಾಗಿತ್ತು. ಹುಚ್ಚಯ್ಯನಿಗೆ ತನ್ನ ಎರಡೂ ಕೈಗಳನ್ನು ಕಡಿದು ಹಾಕಬೇಕು ಅನ್ನಿಸಿತು.

ಕಾಲುವೆಯಲ್ಲಿ ನೀರು ಮೊಣಕಾಲಿಗೆ ಹೊಡೆಯುತ್ತಿತ್ತು, ನಿಂತು ಉಳಿ ಹಿಡಿಯುವ ಮಾತೇ ಇರಲಿಲ್ಲ.

“ಬಲಗಡೆ ತೂಬು ತೆಗೆಯೋಣ,” ಎಂದಳು ರಮ್ಯಾ. “ಕಟ್ಟೆಯ ನೀರು ಒಂದು ಗೇಣು ಇಳಿದರೆ ಕಾಲುವೆ ಬತ್ತುತ್ತೆ. ಒಡೆದು ಮುಗಿಸಿ ಮತ್ತೆ ಮುಚ್ಚೋಣ.”

“ತೂಬ್ ತೆಗುದ್ರೆ ಮೀನೆಲ್ಲ ಅತ್ಲಾಗ್ ಓಡ್ತವೆ,” ಎಂದ ಮಂಚಯ್ಯ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ಮಾತು. “ಜೋರ್ ನೀರು ಎಲ್ಲೈತೋ ಅದೇ ದಾರಿ ಅನ್ಕತವೆ. ತೂಬಿನ ಕಲ್ಲಿಗೆ ತಲೆ ಚಚ್ಕೊಂಡು ಸಾಯ್ತವೆ.”

“ಅಂಗಾರೆ?” ಎಂದ ಮಾದೇಶ.

“ಅದ್ಕೇ ತಟ್ಟಿ ತಂದಿರಾದು. ನಾನ್ ಅಡ್ಡ ನಿಲ್ತೀನಿ.”

ಮೀನು ಹಿಡಿಯಲೆಂದು ಅವನ ಅಪ್ಪ ಹೆಣೆದ ತಟ್ಟಿ ಅದು. ತೂಬಿನ ಬಾಯಿಂದ ಹತ್ತಡಿ ಕೆಳಗೆ ಎದೆಮಟ್ಟದ ನೀರಿನಲ್ಲಿ ಅದನ್ನು ಅಡ್ಡ ಹಿಡಿದು ಮಂಚಯ್ಯ ನಿಂತ. ಹುಚ್ಚಯ್ಯ, ಮಾದೇಶ ಹಾರೆ ಕೊಟ್ಟು ತೂಬಿಗೆ ಹಾಕಿದ್ದ ಹಲಗೆ ಮೀಟಿದರು. ತೂಬು ಗುಡುಗಿತು. ನೀರು ಹುಲಿಯಂತೆ ಹೊರಬಿತ್ತು. ಒಂದು ನಿಮಿಷವೂ ಆಗಲಿಲ್ಲ, ಗುಂಡಿಯಲ್ಲಿದ್ದ ಮೀನು ದಂಡು ಕಟ್ಟಿಕೊಂಡು ತಟ್ಟಿಗೆ ಬಂದು ಗುದ್ದಿತು. ಮಂಚಯ್ಯ ಎದೆಯನ್ನೇ ಒತ್ತುಗೊಟ್ಟು ನಿಂತ.

“ಬೇಗ!” ಎಂದು ಕೂಗಿದ. ಯಾರ ಹೆಸರನ್ನೂ ಹಿಡಿಯಲಿಲ್ಲ.

ರಮ್ಯಾ ದಂಡೆಯ ಕಂಬಕ್ಕೆ ಕಟ್ಟಿದ್ದ ಸಣ್ಣ ಕ್ಯಾಮೆರಾವನ್ನು, ಕಲ್ಲಿನ ಚೂರು ಸಿಡಿದೀತೆಂದು, ಬಿಚ್ಚಿ ಚೀಲಕ್ಕೆ ಹಾಕಿದಳು. ಕಾಲುವೆ ಬತ್ತಿದ ಮೇಲೆ ಸುಣ್ಣದಕಡ್ಡಿಯಲ್ಲಿ ಗುರುತು ಹಾಕುತ್ತ ಹೋದಳು. ಎರಡಡಿಗೊಂದು ಅಡ್ಡಪಟ್ಟಿ ಒಡೆಯಬೇಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹೂತ ಕಲ್ಲಿನ ತಲೆ ಹೊರಗೆ ಬರಬೇಕು.

ಹುಚ್ಚಯ್ಯ ಉಳಿ ಇಟ್ಟು ಹೊಡೆದ. ಉಳಿ ಚಿಮ್ಮಿತು. ಮತ್ತೆ ಹೊಡೆದ. ಒಂದು ಬಿಳಿ ಚುಕ್ಕೆ ಬಿತ್ತು ಅಷ್ಟೆ.

“ಏನ್ ಮೇಸ್ತ್ರಿ, ಇಷ್ಟು ಗಟ್ಟಿ ಆಕಿದೀರಿ?” ಮಾದೇಶ ಸಮ್ಮಟಿಗೆ ಎತ್ತುತ್ತ ಕೇಳಿದ.

“ಮರಳು ನಾಲ್ಕಕ್ಕೊಂದು ಅಂದಿದ್ರು. ನಾನು ಮೂರಕ್ಕೊಂದು ಸಿಮೆಂಟ್ ಆಕ್ದೆ.”

“ಯಾಕೆ?”

“ಬಾಳಿಕೆ ಬರ್ಲಿ ಅಂತ.”

ಮಾದೇಶ ನಗಲಿಲ್ಲ. ಇಬ್ಬರೂ ಹೊಡೆದರು. ಗಾರೆಯ ಹಪ್ಪಳಗಳು ಎದ್ದವು. ಒಂದು ಮೂಲೆಯಲ್ಲಿ, ಹಸಿ ಇದ್ದಾಗ ಮೊಳೆಯಲ್ಲಿ ಗೀಚಿದ್ದ ಹುಚ್ಚಯ್ಯನ ಹೆಸರು ಸಿಕ್ಕಿತು. ಅದರ ಮೇಲೆ ಎರಡೇಟು ಹೆಚ್ಚಿಗೇ ಬಿತ್ತು. ಅಂಗೈ ಬೊಬ್ಬೆ ಎದ್ದು ಒಡೆದವು, ಉಳಿಗೆ ರಕ್ತ ಮೆತ್ತಿಕೊಂಡಿತು. ಹನ್ನೆರಡಕ್ಕೆ ಇಪ್ಪತ್ತಡಿ, ಒಂದೂವರೆಗೆ ಮೂವತ್ತು. ಮೇಲುಗಡೆ ಮೋಡ ಕರ್ರಗಾಗುತ್ತಿತ್ತು. ಅಲ್ಲೆಲ್ಲೋ ಮಳೆ ಶುರುವಾಗಿತ್ತು. ಕಟ್ಟೆಯ ನೀರು ಇಳಿಯುವುದು ನಿಂತು ನಿಧಾನವಾಗಿ ಏರತೊಡಗಿತು.

“ಮಂಚಯ್ಯನವರೇ, ಸ್ವಲ್ಪ ಹೊತ್ತು ನಾನು ಹಿಡ್ಕೊಳ್ಳಲಾ?” ರಮ್ಯಾ ಕೂಗಿದಳು.

“ನಿಮ್ ಕೈಲಾಗಲ್ಲ ಬುಡವ್ವ. ನೀವ್ ಆ ಕೆಲ್ಸ ಮುಗುಸ್ರಿ.”

ಅವನ ತುಟಿ ನೀಲಿಯಾಗಿತ್ತು. ನಾಲ್ಕು ಗಂಟೆ ನೀರಿನಲ್ಲಿ ನಿಂತಿದ್ದ.

ಆಗ ತೂಬು ಕರ್ರೆಂದಿತು. ಅದರ ಬಾಯಿಯ ಪಕ್ಕದ ನೂರು ವರ್ಷದ ಚಪ್ಪಡಿ, ಮಣ್ಣು ಕೊಚ್ಚಿಹೋಗಿ ಸಡಿಲವಾಗಿತ್ತು. ಹುಚ್ಚಯ್ಯನಿಗೆ ಮೊದಲು ಕಂಡಿತು.

“ಮಂಚಾ! ಈಚ್ಗೆ ಬಾರ್ಲಾ!”

ಮಂಚಯ್ಯ ತಲೆ ಎತ್ತಿದ. ತಟ್ಟಿ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದ. ಬಿಡಲಿಲ್ಲ. ಚಪ್ಪಡಿ ಮಗುಚಿ, ನೀರಿನೊಳಗೇ ಉರುಳಿಕೊಂಡು ಬಂದು ಅವನ ತೊಡೆಗೆ ಬಡಿಯಿತು. ಅವನು ಕೂಗಿಕೊಳ್ಳಲಿಲ್ಲ, ಸುಮ್ಮನೆ ಮುಳುಗಿದ.

ಹುಚ್ಚಯ್ಯ ನೆಗೆದ. ನೀರು ಕಿವಿಗೆ ಹೊಡೆಯಿತು. ಕೈಗೆ ಅಂಗಿ ಸಿಕ್ಕಿತು, ಹರಿಯಿತು. ಮತ್ತೆ ತಡಕಿದ. ಕೂದಲು ಸಿಕ್ಕಿತು. ಬಿಡಲಿಲ್ಲ. ಮಾದೇಶ ಹಗ್ಗ ಎಸೆದ, ರಮ್ಯಾ ಮರಕ್ಕೆ ಒಂದು ಸುತ್ತು ಹಾಕಿ ಎಳೆದಳು. ಮೂವರೂ ಸೇರಿ ಅವನನ್ನು ದಡಕ್ಕೆ ತಂದು ಮಲಗಿಸಿದಾಗ ಬಲತೊಡೆ ಮಡಚಬಾರದ ಕಡೆ ಮಡಚಿಕೊಂಡಿತ್ತು.

“ಈಗಲೇ ಹೊರಡಬೇಕು,” ಎಂದಳು ರಮ್ಯಾ. “ಹೊರೋಕೆ ಏನಿದೆ?”

ಇದ್ದದ್ದು ತಟ್ಟಿ ಒಂದೇ. ಅದರ ಮೇಲೆ ಮಂಚಯ್ಯನನ್ನು ಮಲಗಿಸಿ ಹಗ್ಗದಲ್ಲಿ ಬಿಗಿದರು. ಆ ಕ್ಷಣದಿಂದ ತೂಬಿನ ಬಾಯಿಗೆ ಅಡ್ಡ ಏನೂ ಇಲ್ಲ. ಮೇಲುಗಡೆ ಇನ್ನೂ ಹತ್ತಡಿ ಗಾರೆ ಹಾಗೇ ಇದೆ.

“ನಾನ್ ಉಳ್ಕತೀನಿ,” ಎಂದ ಹುಚ್ಚಯ್ಯ. “ತೂಬ್ ಮುಚ್ಚಿ, ಮಿಕ್ಕಿದ್ ಒಡೀತೀನಿ.”

“ಕಾಡ್ನಾಗೆ ಒಬ್ರನ್ನೇ ಬುಟ್ಟೋಗಂಗಿಲ್ಲ ಮೇಸ್ತ್ರಿ. ನನ್ ಕೆಲ್ಸ ಓಯ್ತದೆ.”

“ಇವ್ನನ್ನ ಹೊರಾಕೆ ಇಬ್ರು ಬೇಕು. ಇರಾದು ನೀವಿಬ್ರೇ.”

ಮಂಚಯ್ಯ ಕಣ್ಣು ಬಿಟ್ಟ. ನೋವಿನಲ್ಲಿ ಹಲ್ಲು ಕಚ್ಚಿಕೊಂಡು, ಮಾದೇಶನನ್ನು ನೋಡಿಕೊಂಡು ಹೇಳಿದ: “ಇರ್ಲಿ ಬುಡು. ಅವ್ನ್ ಮಾಡಿದ್ದು ಅವ್ನೇ ಒಡೀಲಿ.”

ಮಾದೇಶ ಮಚ್ಚು, ಬೆಂಕಿಪೊಟ್ಟಣ, ಆನೆ ಬೆದರಿಸಲು ನಾಲ್ಕು ಪಟಾಕಿ ಕೊಟ್ಟ. “ಆರರ ಒಳಗೆ ಟವರ್ ಹತ್ಬುಡಿ. ಬೆಳಿಗ್ಗೆ ನಾನೇ ಬತ್ತೀನಿ.” ತಟ್ಟಿ ಹೊತ್ತ ಇಬ್ಬರೂ ಲಂಟಾನದ ನಡುವೆ ಕಾಣದಾದರು.

ಹುಚ್ಚಯ್ಯ ತೂಬಿನ ಕಡೆ ಓಡಿದ. ತಡವಾಗಿತ್ತು. ದಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಮೀನು ಆಗಲೇ ಕಲ್ಲಿಗೆ ಗುದ್ದಿ ಗುದ್ದಿ ತಲೆ ಒಡೆದುಕೊಂಡು ಪಕ್ಕಕ್ಕೆ ತೇಲುತ್ತಿತ್ತು. ಎರಡೂ ಕೈಯಲ್ಲಿ ಎತ್ತಿದ. ಹೊಟ್ಟೆ ಅದುಮಿದ್ದೇ ತಡ ಹಳದಿ ಮೊಟ್ಟೆಗಳು ಅವನ ಬೆರಳ ಸಂದಿಯಿಂದ ಸುರಿದವು. ಬೊಗಸೆ ತುಂಬಿ ಕೆಳಗೆ ಹೋದವು. ಆರು ವರ್ಷದ ನಂತರ ದಾರಿ ಹುಡುಕಿಕೊಂಡು ಬಂದ ತಾಯಿಯನ್ನು ತಾನೇ ಕೊಂದೆ ಎಂದು ಅವನು ಗಟ್ಟಿಯಾಗಿ ಅತ್ತ. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ನಾಚಿಕೆಯೂ ಆಗಲಿಲ್ಲ.

ಹಾರೆ ಕೊಟ್ಟು ಹಲಗೆ ಇಳಿಸಿದ. ಅರ್ಧಕ್ಕೆ ಸಿಕ್ಕಿಕೊಂಡಿತು. ಅದರ ಮೇಲೆ ನಿಂತು ಕುಣಿದ. ಧಡ್ಡೆಂದು ಕೂತಿತು. ತೂಬು ಬಾಯಿ ಮುಚ್ಚಿತು.

ಈಗ ನೀರು ಕಾಲುವೆಗೆ ಬರುತ್ತದೆ. ಎಷ್ಟು ಹೊತ್ತಿದೆ? ಮೇಲೆ ಮಳೆ ಇರುವುದರಿಂದ ಬಹಳ ಇಲ್ಲ.

ಉಳಿದ ಹಗ್ಗವನ್ನು ಮತ್ತಿಮರಕ್ಕೂ ಸೊಂಟಕ್ಕೂ ಕಟ್ಟಿ ಕಾಲುವೆಗೆ ಇಳಿದ. ಉಳಿದದ್ದು ಒಂಬತ್ತಡಿ. ಎಂಟು. ಸಮ್ಮಟಿಗೆ ಎತ್ತಿದರೆ ಭುಜ ಕೇಳುತ್ತಿರಲಿಲ್ಲ. ಪಾದ ಮುಳುಗಿತು. ಆರಡಿ. ನೀರು ಕಣಕಾಲಿಗೆ ಬಂತು. ಉಳಿಯ ತುದಿ ಕಾಣುತ್ತಿರಲಿಲ್ಲ, ಕೈಗೆ ಸಿಕ್ಕ ಗಡಸು ನೋಡಿ ಹೊಡೆದ. ಒಂದೇಟು ಹೆಬ್ಬೆರಳಿಗೆ ಬಿತ್ತು. ಮೂರಡಿ. ಮೊಣಕಾಲು.

ಕಾಲು ಜಾರಿತು.

ತನ್ನ ಕೈಯಾರೆ ತಿಕ್ಕಿದ ನುಣುಪಿನ ಮೇಲೆ ಹುಚ್ಚಯ್ಯ ಅಂಗಾತ ಬಿದ್ದು ಸರ್ರನೆ ಇಳಿದ. ಹಿಡಿಯಲು ಕೈ ಬಡಿದ, ಏನೂ ಸಿಗಲಿಲ್ಲ. ಹಗ್ಗ ಪಕ್ಕೆಲುಬಿಗೆ ಕಚ್ಚಿ ನಿಲ್ಲಿಸಿತು. ಬಾಯಿ ತುಂಬ ಕೆಂಪು ನೀರು. ತಡಕಾಡಿದ ಕೈಗೆ ಒಂದು ಒರಟು ಕಲ್ಲು ಸಿಕ್ಕಿತು, ಮಧ್ಯಾಹ್ನ ತಾನೇ ಬಿಡಿಸಿದ್ದು. ಅದನ್ನು ಹಿಡಿದು ಉಸಿರು ತೆಗೆದುಕೊಂಡ. ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಹಾಗೇ ಕಲ್ಲಿನಿಂದ ಕಲ್ಲಿಗೆ ತೆವಳಿ ಮೇಲೆ ಬಂದ. ರಮ್ಯಾ ಅಷ್ಟು ದಿನ ಚಿತ್ರ ತೋರಿಸಿ ಹೇಳಿದ್ದು ಅವನಿಗೆ ಅರ್ಥವಾದದ್ದು ಆಗ.

ಕೊನೆಯ ಮೂರಡಿಗೆ ಹಾರೆಯನ್ನೇ ಈಟಿಯಂತೆ ಎತ್ತಿ ಎತ್ತಿ ಹಾಕಿದ. ಒಂದು ದೊಡ್ಡ ಹಪ್ಪಳ ಕಿತ್ತುಕೊಂಡು ನೀರಿನ ಜೊತೆ ಹೋಯಿತು. ಹಾರೆಯೂ ಹೋಯಿತು. ಅವನು ದಂಡೆಗೆ ಉರುಳಿಕೊಂಡ.

ಐದು ಗಂಟೆ ಇರಬಹುದು. ತೂಬಿನ ಸದ್ದಿಲ್ಲ. ನೀರು ಈಗ ಒಂದೇ ಕಡೆಯಿಂದ ಬರುತ್ತಿತ್ತು, ಅದೂ ಕಲ್ಲಿಗೆ ಎಡವಿ, ಸುತ್ತಿ, ತೊದಲಿಕೊಂಡು. ನೋಡಲು ಅಸಹ್ಯವಾಗಿತ್ತು. ಅಷ್ಟು ಕೆಟ್ಟ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಕಾಲು ಗಂಟೆ ಏನೂ ಇಲ್ಲ.

ಆಮೇಲೆ ಕೆಳಗಿನ ಕಲ್ಲಿನ ಮರೆಯಲ್ಲಿ ಒಂದು ಬೆನ್ನು ಕಂಡಿತು. ಅಲ್ಲೇ ನಿಂತಿತು, ಬಾಲ ಮಾತ್ರ ಆಡುತ್ತಿತ್ತು. ಚಿಮ್ಮ್ ಎಂದು ಎರಡನೇ ಕಲ್ಲಿಗೆ. ನಿಂತಿತು. ಮೂರನೆಯದಕ್ಕೆ. ಹುಚ್ಚಯ್ಯ ಎದ್ದು ಕೂತ. ಬಾಯಲ್ಲಿ, “ಬಾ, ಬಾರವ್ವ, ಬಾ,” ಎನ್ನುತ್ತಿದ್ದ. ಮೀನು ಕೊನೆಯ ಮೂರಡಿಯಲ್ಲಿ ಅಡ್ಡ ತಿರುಗಿತು. ಜಾರಿತು ಎಂದುಕೊಂಡ. ಇಲ್ಲ, ಒಡೆದ ಹಪ್ಪಳದ ಸಂದಿಯಲ್ಲಿ ತಲೆ ಇಟ್ಟು, ಮೈಯೆಲ್ಲ ಒಮ್ಮೆ ಬಿಗಿದು, ದಾಟಿತು. ಕಟ್ಟೆಯ ಅಗಲ ನೀರಿನಲ್ಲಿ ಅದರ ಹಿಂದೆ ಒಂದು ಗೆರೆ ಎದ್ದು ಮೇಲಕ್ಕೆ ಹೋಯಿತು.

ಒಂದು. ಆಮೇಲೆ ಜೋಡಿಯಾಗಿ ಎರಡು. ನಾಲ್ಕನೆಯದು ಮೂರು ಸಲ ಬಿದ್ದು ನಾಲ್ಕನೇ ಸಲಕ್ಕೆ ಗೆದ್ದಿತು. ಬೆಳಕು ಕಂದುವವರೆಗೆ ಏಳು. ಎಂಟನೆಯದು ಅರ್ಧ ದಾರಿಯಲ್ಲಿದ್ದಾಗ ಮೇಲಿನಿಂದ ಹೊಸ ನೀರು ಬಂದು ಎಲ್ಲವನ್ನೂ ಮುಚ್ಚಿತು. ಅವನು ಕುಂಟಿಕೊಂಡು ಹೋಗಿ ಟವರ್ ಹತ್ತಿದ.

ಬೆಳಿಗ್ಗೆ ಮಾದೇಶ ಬಂದು ನೋಡಿದಾಗ ತೊರೆ ಎರಡೂ ದಂಡೆ ಮೀರಿ ಹರಿಯುತ್ತಿತ್ತು. ಕಟ್ಟೆಯೂ ಕಾಣಲಿಲ್ಲ, ಕಾಲುವೆಯೂ ಕಾಣಲಿಲ್ಲ. ಬಲೆಯವರು ಬರಲಿಲ್ಲ, ಅಷ್ಟು ನೀರಿಗೆ ಯಾರೂ ಇಳಿಯುವಂತಿರಲಿಲ್ಲ.

“ಹತ್ತಿದ್ವಾ?” ಎಂದು ಕೇಳಿದ ಮಾದೇಶ.

“ಏಳು.”

ಮಾದೇಶ ನೀರನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ.

ಹುಣಸೂರಿನ ಆಸ್ಪತ್ರೆಯಲ್ಲಿ ಮಂಚಯ್ಯನ ಕಾಲಿಗೆ ತೂಕ ಕಟ್ಟಿ ಎತ್ತಿ ಇಟ್ಟಿದ್ದರು. ಮೈಸೂರಿಗೆ ಕರೆದೊಯ್ದು ಸಲಾಕೆ ಹಾಕಬೇಕು, ಇನ್ನು ಕಾಡು ಹತ್ತುವ ಮಾತಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಹೆಂಡತಿ ಮಲ್ಲಾಜಮ್ಮ ಪಕ್ಕದಲ್ಲಿ ಕುಳಿತಿದ್ದಳು.

ಹುಚ್ಚಯ್ಯ ಮಂಚದ ಕಾಲ ಕಡೆ ನಿಂತ. ಕೈಗೆ ಬಟ್ಟೆ ಸುತ್ತಿತ್ತು.

“ಏಳು ಹತ್ತಿದ್ವು ಕಣ್ಲಾ ಮಂಚ.”

ಮಂಚಯ್ಯ ಚಾವಣಿ ನೋಡುತ್ತಲೇ ಕೇಳಿದ. “ಯಾರ್ ನೋಡುದ್ರು?”

“ನಾನು.”

“ಇನ್ಯಾರು?”

“ಇನ್ಯಾರೂ ಇರ್ನಿಲ್ಲ.”

“ಅವತ್ತೂ ನೀನೊಬ್ನೇ ಇದ್ದೆ,” ಎಂದ ಮಂಚಯ್ಯ. “ಅಂಗೇ ಮಾಡಿವ್ನಿ ಅಂದೆ. ನಾನ್ ನಂಬ್ದೆ.”

“ಸುಳ್ ಹೇಳಂಗಿದ್ರೆ ಇಪ್ಪತ್ತು ಅಂತಿದ್ದೆ ಕಣೋ. ಏಳೇ ಏಳು ಅಂತಾ ಇವ್ನಲ್ಲ.”

“ಅದ್ನೂ ಯೋಚ್ನೆ ಮಾಡ್ಕೊಂಡೇ ಬಂದಿರ್ತೀಯ.”

ಮಲ್ಲಾಜಮ್ಮ ಇಬ್ಬರ ಮುಖವನ್ನೂ ನೋಡಿ, ಗಂಡನ ಕಡೆ ಬಾಗಿದಳು. “ಮೀನು ಹತ್ತಿದ್ ಮ್ಯಾಕೆ ಹರಕೆ ತೀರ್ತಲ್ಲ. ಮದ್ಯಾನ್ಕೆ ಒಂದೀಟು ಮೀನ್ ಸಾರು ಮಾಡ್ಸಿ ತರ್ಲಾ? ಮೈಗೆ ಕಸುವಾಯ್ತದೆ.”

“ತೀರ್ನಿಲ್ಲ,” ಎಂದ ಮಂಚಯ್ಯ. “ಉಪ್ಪುಸಾರೇ ತಾ.”

ಹುಚ್ಚಯ್ಯ ಹೊರಗೆ ಬಂದ. ಬಾಗಿಲ ಆಚೆ ನಿಂತಿದ್ದ ರಮ್ಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

“ನಾನು ಒಂದು ಮಾತು ಹೇಳಲಾ? ಕ್ಯಾಮೆರಾದಲ್ಲಿ ಸಿಕ್ಕಿದೆ ಅಂದುಬಿಡ್ತೀನಿ. ಏಳೂ ಕಾಣಿಸ್ತಿದೆ ಅಂತ. ನನ್ನ ಮಾತು ನಂಬ್ತಾರೆ.”

“ಕ್ಯಾಮೆರಾ ನಿಮ್ ಚೀಲದಾಗಿತ್ತಲ್ಲ ಮೇಡಂ.”

“ಅದು ಅವರಿಗೆ ಗೊತ್ತಿಲ್ಲ. ಮೀನು ಹತ್ತಿದ್ದಂತೂ ನಿಜ ತಾನೆ?”

ಆ ಮಾತು ಹೇಳಿಸಿದರೆ ಮಧ್ಯಾಹ್ನವೇ ಗೆಳೆಯನ ತಟ್ಟೆಗೆ ಮೀನಿನ ಸಾರು ಬೀಳುತ್ತದೆ. ನಾಳೆ ಮಾತೂ ಆಡಬಹುದು. ಹುಚ್ಚಯ್ಯನ ಬಾಯಿ ಹೂಂ ಅನ್ನಲು ತೆರೆದೂ ಆಗಿತ್ತು.

“ಬ್ಯಾಡ ಮೇಡಂ,” ಎಂದ. “ಅವ್ನಿಗೆ ಇನ್ನೊಂದ್ ಸಲ ಮೋಸ ಆಗಾದ್ ಬ್ಯಾಡ.”

ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ ಹನಗೋಡಿನ ಬಸ್ಸು ಹತ್ತಿದ. ಪಕ್ಕದಲ್ಲಿ ಹೊಗೆಸೊಪ್ಪಿನ ಸಸಿಯ ಬುಟ್ಟಿ ಇಟ್ಟುಕೊಂಡ ಒಬ್ಬ ರೈತ ಕುಳಿತಿದ್ದ. ಹುಚ್ಚಯ್ಯನ ಕೈಯ ಬಟ್ಟೆ, ಗೀರಿದ ಮುಖ ನೋಡಿದ.

“ಏನ್ ಯಜಮಾನ್ರೆ, ಏನಾಯ್ತು ಕೈಗೆ?”

“ಕಾಡ್ನಾಗೆ ಮೀನು ಹತ್ಸಾಕೆ ಹೋಗಿದ್ದೆ.”

“ಹತ್ತಿದ್ವಾ?”

“ಹತ್ತಿದ್ವು. ಏಳು.”

“ಔದಾ! ಒಳ್ಳೇದಾಯ್ತು ಬುಡಿ,” ಎಂದು ರೈತ ಸಂತೋಷಪಟ್ಟ. ಆಮೇಲೆ ಈ ಸಲ ಸಸಿ ಎಷ್ಟು ತುಟ್ಟಿ ಎಂದು ಹೇಳತೊಡಗಿದ. ಹುಚ್ಚಯ್ಯ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಹನಗೋಡು ಬರುವವರೆಗೂ ಅವನಿಗೆ ಹೂಂಗುಟ್ಟುತ್ತ ಕುಳಿತ.